ಒಂದು ಪೆಟ್ಟಿಗೆ ನಾದ: ರಾಯದುರ್ಗದಿಂದ ಮಡಕಶಿರಕ್ಕೆ

ಬಳ್ಳಾರಿಯಿಂದ ದಕ್ಷಿಣಕ್ಕೆ ಹೊರಟ ರೈಲು ಓಬಳಾಪುರದ ಕೆಂಪು ಮಣ್ಣನ್ನು ಹಿಂದೆ ಬಿಟ್ಟು ಸುಮಾರು 50 ಕಿಲೋಮೀಟರು ಸಾಗುವಷ್ಟರಲ್ಲಿ ರಾಯದುರ್ಗದ ಬೆಟ್ಟ ಕಣ್ಣಿಗೆ ಬೀಳುತ್ತದೆ. ಬಂಡೆಯ ಮೇಲೆ ಬಂಡೆಯನ್ನು ಪೇರಿಸಿಟ್ಟಂತಿರುವ ಆ ಬೆಟ್ಟದ ಮೈಮೇಲೆ ಪಾಳೆಯಗಾರರ ಕೋಟೆಯ ಗೋಡೆಗಳು ಇನ್ನೂ ಉಳಿದಿವೆ. ಬೆಟ್ಟದ ತಪ್ಪಲಲ್ಲಿ ದಶಭುಜ ಗಣಪತಿಯ ಗುಡಿ, ಅದರಾಚೆ ಊರು. ಒಂದು ಕಾಲಕ್ಕೆ ಬೀದಿಗಳಲ್ಲಿ ಮಗ್ಗದ ಸದ್ದೇ ಹೆಚ್ಚು. ಈಗ ಅದರ ಜೊತೆಗೆ ಜೀನ್ಸ್ ಹೊಲಿಯುವ ಯಂತ್ರಗಳ ಸದ್ದೂ ಸೇರಿಕೊಂಡಿದೆ. ಅಂಗಡಿಯ ಫಲಕ ತೆಲುಗಿನದು. ಒಳಗಿನ ಚೌಕಾಸಿ ಮಾತ್ರ ಅರ್ಧ ತೆಲುಗು, ಅರ್ಧ ಕನ್ನಡ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ಮಡಕಶಿರವಾದರೋ 1882ರಲ್ಲಿ ಅನಂತಪುರ ಬೇರೆ ಜಿಲ್ಲೆಯಾದಾಗಲೇ ಅತ್ತ ಸೇರಿತ್ತು. 2022ರಲ್ಲಿ ಜಿಲ್ಲೆಗಳ ಪುನರ್ವಿಂಗಡಣೆಯಾಗಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ರಾಯದುರ್ಗ ಅನಂತಪುರದಲ್ಲಿಯೇ ಉಳಿಯಿತು. ಇದು ಗಡಿನಾಡಿನ ವಾಚಕರಿಗೆ ಹೊಸ ವಿಷಯವೇನಲ್ಲ. ನಾನು ಹೇಳಹೊರಟಿರುವುದು ಈ ಎರಡು ಊರುಗಳ ನಡುವೆ ನನ್ನ ಮಡಿಲಲ್ಲಿ ಕುಳಿತು ಪ್ರಯಾಣ ಮಾಡಿದ ಒಂದು ತಗಡಿನ ಪೆಟ್ಟಿಗೆಯ ಕಥೆಯನ್ನು.

ದೊಡ್ಡಪ್ಪನವರ ಪೆಟ್ಟಿಗೆ

ಕಳೆದ ಬೇಸಿಗೆಯಲ್ಲಿ ರಾಯದುರ್ಗದ ದೊಡ್ಡಪ್ಪನವರಿಂದ ಕರೆ ಬಂದಿತು. ಅವರಿಗೆ ಈಗ ಎಂಬತ್ತಾರು ವರ್ಷ. ಮನೆಯ ಅಟ್ಟವನ್ನು ತೆರವು ಮಾಡಿಸುತ್ತಿದ್ದರು. ನಾನು ಹೋದಾಗ ಗೋಧಿ ತುಂಬುವ ಹಳೆಯ ತಗಡಿನ ಡಬ್ಬಿಯೊಂದನ್ನು ಮುಂದೆ ತಳ್ಳಿ, “ಇದನ್ನು ನೀನು ಒಯ್ಯಿ. ಇದರಲ್ಲಿ ನಿಮ್ಮಪ್ಪ ಇದ್ದಾನೆ, ಜೋಪಾನ” ಎಂದರು.

ಡಬ್ಬಿಯಲ್ಲಿ ಮೂವತ್ತೊಂದು ಕ್ಯಾಸೆಟ್ಟುಗಳಿದ್ದವು. ಒಂದೆರಡರ ಮೇಲೆ ಬೂಷ್ಟು ಹಿಡಿದಿತ್ತು. ಚೀಟಿಗಳ ಮೇಲೆ ನನ್ನ ತಂದೆಯವರ ಅಕ್ಷರ: “ರಾಮನವಮಿ, ಎರಡನೆಯ ದಿನ”, “ಹರಿಕಥೆ, ಪೂರ್ತಿ ಇಲ್ಲ”, “ದಾಸರ ಆರಾಧನೆ, ಮಳೆ ಸದ್ದು ಇದೆ”. ಹಾಡಿದವರ ಹೆಸರು ಹೆಚ್ಚಿನವುಗಳ ಮೇಲೆ ಇಲ್ಲ. ಊರಿಗೆಲ್ಲ ತಿಳಿದಿದ್ದ ಹೆಸರನ್ನು ಬರೆದಿಡಬೇಕೆಂದು ಆಗ ಯಾರಿಗೂ ತೋಚಿರಲಿಲ್ಲ.

ನಮ್ಮ ತಂದೆ ಸೀರೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಹಾಡುಗಾರರಲ್ಲ; ಕೇಳುಗರು ಮಾತ್ರ. ದೊಡ್ಡಪ್ಪನವರು ಕೊಂಡಿದ್ದ ಟೇಪ್ ರೆಕಾರ್ಡರನ್ನು ಉತ್ಸವದ ದಿನಗಳಲ್ಲಿ ಬೇಡಿ ತಂದು, ವೇದಿಕೆಯ ಪಕ್ಕದಲ್ಲಿ ಮಡಿಸಿದ ಟವೆಲಿನ ಮೇಲೆ ಇಡುತ್ತಿದ್ದರು. ಯಂತ್ರದ ಮೋಟಾರಿನ ಅದುರು ನೆಲಕ್ಕೆ ತಾಗಿ ಮೈಕಿಗೆ ಮರಳಬಾರದೆಂಬುದೇ ಆ ಟವೆಲಿನ ಉದ್ದೇಶ. ಇದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಒಂದೆರಡು ಕ್ಯಾಸೆಟ್ಟು ಕೆಟ್ಟ ಮೇಲೆ ತಾವೇ ಕಂಡುಕೊಂಡದ್ದು.

ಇಂಥ ಕೆಲಸ ಸಾಮಾನ್ಯನ ಕೈಗೆ ಬಂದದ್ದು ಬಹಳ ಹಿಂದೆಯೇನಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ಕಾಲದಿಂದ ಅರ್ಧ ಶತಮಾನದವರೆಗೆ ನಮ್ಮ ಸಂಗೀತವೆಲ್ಲ 78 ಸುತ್ತಿನ ಪ್ಲೇಟುಗಳಲ್ಲಿ ಅಡಗಬೇಕಾಗಿತ್ತು. ಒಂದು ಬದಿಗೆ ಮೂರು, ಮೂರೂವರೆ ನಿಮಿಷ. ಒಂದು ಗಂಟೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸುವುದೆಂದರೆ ಬಾವಿಯ ನೀರನ್ನು ಉದ್ಧರಣೆಯಲ್ಲಿ ತೋರಿಸಿದಂತೆ. ಉದ್ಧರಣೆಯ ನೀರು ಶುದ್ಧವೇ, ಪವಿತ್ರವೇ. ಆದರೆ ಬಾವಿಯ ಆಳ ಅದರಲ್ಲಿ ಕಾಣದು. 1948ರಲ್ಲಿ ಅಮೆರಿಕದಲ್ಲಿ ದೀರ್ಘಾವಧಿಯ ಎಲ್.ಪಿ. ತಟ್ಟೆ ಬಂದಿತು. 1963ರಲ್ಲಿ ಫಿಲಿಪ್ಸ್ ಕಂಪನಿ ಅಂಗೈಯಗಲದ ಕ್ಯಾಸೆಟ್ಟನ್ನು ಹೊರತಂದಿತು. ಒಂದು ಬದಿಗೆ 45 ನಿಮಿಷ ಓಡುವ ಆ ಚಿಕ್ಕ ಪೆಟ್ಟಿಗೆಯಿಂದಾಗಿ ಲೆಕ್ಕ ಬರೆಯುವ ಗುಮಾಸ್ತರೂ ಒಂದು ಇಡೀ ಕಚೇರಿಯನ್ನು ಮನೆಗೆ ತರುವಂತಾಯಿತು.

ಎರಡು ಸಲ ಗಡಿ ದಾಟಿ

ಕ್ಯಾಸೆಟ್ಟು ನುಡಿಸುವ ಸುಸ್ಥಿತಿಯ ಯಂತ್ರವಿದ್ದದ್ದು ಮಡಕಶಿರದ ಅಕ್ಕನ ಮನೆಯಲ್ಲಿ. ಆದುದರಿಂದ ಡಬ್ಬಿಯೊಡನೆ ಬಸ್ಸು ಹತ್ತಿದೆ. ರಾಯದುರ್ಗದಿಂದ ಕಲ್ಯಾಣದುರ್ಗ, ಅಲ್ಲಿಂದ ಪಾವಗಡ, ಪಾವಗಡದಿಂದ ಮಡಕಶಿರ. ಪಾವಗಡ ತುಮಕೂರು ಜಿಲ್ಲೆಗೆ ಸೇರಿದ್ದು. ಸುತ್ತ ಬಹುಪಾಲು ಆಂಧ್ರ. ಹೀಗಾಗಿ ಈ ದಾರಿಯಲ್ಲಿ ಹೋಗುವವನು ಒಂದೇ ದಿನದಲ್ಲಿ ಆಂಧ್ರದಿಂದ ಕರ್ನಾಟಕಕ್ಕೆ, ಕರ್ನಾಟಕದಿಂದ ಮತ್ತೆ ಆಂಧ್ರಕ್ಕೆ ದಾಟುತ್ತಾನೆ. ಮೈಲಿಗಲ್ಲುಗಳ ಲಿಪಿ ಎರಡು ಸಲ ಬದಲಾಗುತ್ತದೆ; ಕಡಲೆಕಾಯಿ ಹೊಲ, ಹುಣಿಸೆ ಮರ, ಬಂಡೆಗುಡ್ಡ ಮಾತ್ರ ಬದಲಾಗುವುದಿಲ್ಲ.

ಈ ಕಲ್ಯಾಣದುರ್ಗದ ಸೀಮೆಯ ರಾಳ್ಳಪಲ್ಲಿಯಲ್ಲಿಯೇ 1893ರಲ್ಲಿ ರಾಳ್ಳಪಲ್ಲಿ ಅನಂತಕೃಷ್ಣಶರ್ಮರು ಹುಟ್ಟಿದ್ದು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ದೀರ್ಘಕಾಲ ತೆಲುಗು ಕಲಿಸಿದವರು, ಕನ್ನಡದಲ್ಲಿ ‘ಗಾನಕಲೆ’ಯನ್ನು ಬರೆದವರು, ತಿರುಪತಿಯಲ್ಲಿದ್ದು ಅನ್ನಮಾಚಾರ್ಯರ ಕೀರ್ತನೆಗಳಿಗೆ ಸ್ವರ ಕೂಡಿಸಿದವರು. 1974ರಲ್ಲಿ ಮದರಾಸಿನ ಸಂಗೀತ ವಿದ್ವತ್ಸಭೆಯ ‘ಸಂಗೀತ ಕಲಾನಿಧಿ’ ಬಿರುದು ಅವರಿಗೆ ಸಂದಿತು. 1979ರಲ್ಲಿ ಅವರು ತೀರಿಕೊಂಡರು. ಇವರು ಕನ್ನಡದವರೋ ತೆಲುಗಿನವರೋ ಎಂದು ಕೇಳುವವರಿಗೆ ಈ ನೆಲವೇ ಉತ್ತರ. ಗಡಿಯಲ್ಲಿ ಸಂಗೀತ ಒಂದು ಭಾಷೆಯ ಮನೆಯಲ್ಲಿ ಹುಟ್ಟಿ ಇನ್ನೊಂದರ ಮನೆಯಲ್ಲಿ ಬೆಳೆಯುವುದು ವಿಶೇಷವಲ್ಲ.

ಮಡಕಶಿರ, ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆ ಎಂಬ ಈ ಸೀಮೆಯ ಹಳ್ಳಿಗಳಲ್ಲಿ ಮನೆಮಾತು ಬಹುಮಟ್ಟಿಗೆ ಕನ್ನಡವೇ. ಶಿರಾ ಹತ್ತಿರ, ಸಂತೆಗೂ ಸಂಬಂಧಕ್ಕೂ ಜನ ಅತ್ತಲೇ ಹೋಗುತ್ತಾರೆ. ಕ್ಯಾಸೆಟ್ಟಿನ ಕಾಲದಲ್ಲಿ ಗುರುರಾಜುಲು ನಾಯ್ಡು ಅವರ ಹರಿಕಥೆಗಳು ಚಹಾದಂಗಡಿಯಿಂದ ಚಹಾದಂಗಡಿಗೆ ಹರಿದು ಬಂದುದನ್ನು ಅಕ್ಕ ಈಗಲೂ ನೆನೆಯುತ್ತಾಳೆ.

ಕರೆಂಟು ಹೋದ ರಾತ್ರಿ

ಅಕ್ಕನ ಮಗ ಇಂಜಿನಿಯರಿಂಗ್ ಓದಿದ ಹುಡುಗ. ಯಂತ್ರದ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ತಂತಿಯನ್ನು ಕಂಪ್ಯೂಟರಿಗೆ ಜೋಡಿಸಿ, “ಮಾವ, ಮೊದಲು ಯಾವುದು?” ಎಂದ. ‘ರಾಮನವಮಿ, ಎರಡನೆಯ ದಿನ’ವನ್ನು ಕೊಟ್ಟೆ. ಅದು 1981ರದು. ಆಗ ನನಗೆ ಆರು ವರ್ಷ.

ಮೊದಲಿಗೆ ಚಪ್ಪರದ ಗದ್ದಲ, ಪಾತ್ರೆ ಸದ್ದು, ಪಾನಕ ಹಂಚುವವರ ಕೂಗು. ಶ್ರುತಿಪೆಟ್ಟಿಗೆ ಮೊದಲಾಯಿತು. ಹಾಡು ಹೊಮ್ಮುವ ಒಂದು ಕ್ಷಣ ಮೊದಲೇ ಅದೇ ಹಾಡು ಬಹು ದೂರದಿಂದೆಂಬಂತೆ ಸಣ್ಣಗೆ ಕೇಳಿಸಿತು. ನಾನು ಬೆರಗಾದೆ. ಅಳಿಯ ವಿವರಿಸಿದ: ಟೇಪು ವರ್ಷಗಟ್ಟಲೆ ಸುತ್ತಿಟ್ಟಲ್ಲಿಯೇ ಇದ್ದರೆ ಒಂದು ಸುತ್ತಿನ ಕಾಂತಶಕ್ತಿ ಪಕ್ಕದ ಸುತ್ತಿಗೆ ಸ್ವಲ್ಪ ಅಂಟುತ್ತದೆ, ಆದ್ದರಿಂದ ಮುಂದೆ ಬರುವ ದೊಡ್ಡ ಧ್ವನಿಯ ನೆರಳು ಹಿಂದಿನ ಮೌನದ ಮೇಲೆ ಬೀಳುತ್ತದೆ.

ತೋಡಿ ರಾಗದ ಆಲಾಪನೆ ಅರ್ಧಕ್ಕೆ ಬಂದಾಗ ಥಟ್ಟನೆ ಧ್ವನಿವರ್ಧಕ ನಿಂತಿತು. ಕರೆಂಟು ಹೋಗಿತ್ತು. ಜನರೆಲ್ಲ ಒಮ್ಮೆಗೇ “ಹೋ” ಎಂದರು. ತಂದೆಯವರ ಯಂತ್ರ ಮಾತ್ರ ಸೆಲ್ಲಿನ ಮೇಲೆ ಓಡುತ್ತಿತ್ತು. ಹಾಡುತ್ತಿದ್ದವರು ನಿಲ್ಲಿಸಲಿಲ್ಲ. ಅವರ ದನಿ ಈಗ ಸಣ್ಣದಾಗಿತ್ತು, ಆದರೆ ನಿಜವಾದದ್ದಾಗಿತ್ತು. ಕಬ್ಬಿಣದ ತುತ್ತೂರಿಯಿಂದ ಬಂದದ್ದಲ್ಲ, ಎದೆಯಿಂದ ಬಂದದ್ದು. ಆಗ ಯಂತ್ರದ ತೀರ ಸಮೀಪದಲ್ಲಿ ಒಂದು ಮೆಲುದನಿ: “ಮುಂದಕ್ಕೆ ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ.” ಅದನ್ನೇ ತೆಲುಗಿನಲ್ಲಿಯೂ ಒಮ್ಮೆ. ಚಾಪೆಗಳನ್ನು ಎಳೆದ ಸದ್ದು, ಬಳೆಗಳ ಸದ್ದು, ಮೆಲ್ಲಮೆಲ್ಲನೆ ನಿಶ್ಶಬ್ದ. ಆ ಕತ್ತಲೆಯಲ್ಲಿ ತೋಡಿ ಮುಂದುವರಿಯಿತು. “ಭಲೇ” ಎಂದರು ಒಬ್ಬರು. “ಬಾಗುಂದಿ” ಎಂದರು ಇನ್ನೊಬ್ಬರು.

ಆ ಮೆಲುದನಿ ನಮ್ಮ ತಂದೆಯವರದು. ಅವರು ತೀರಿಕೊಂಡು ಇಪ್ಪತ್ತೆರಡು ವರ್ಷಗಳಾದವು. ನಮ್ಮಲ್ಲಿ ಅವರ ಒಂದು ಫೋಟೋ ಉಂಟು. ದನಿ ಎಲ್ಲಿಯೂ ಇರಲಿಲ್ಲ. ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತವಳು ನಿಂತೇ ಇದ್ದಳು. ದೊಡ್ಡಪ್ಪನವರ ಮಾತು ನನಗೆ ಆಗ ಅರ್ಥವಾಯಿತು.

ಕಚೇರಿಯ ಕೊನೆಯ ಭಾಗದಲ್ಲಿ ಹಾಡಿನ ಶ್ರುತಿ ಬರಬರುತ್ತ ಏರುತ್ತಿರುವಂತೆ ಕೇಳಿಸಿತು. ವಿದ್ವಾಂಸರು ಶ್ರುತಿ ತಪ್ಪಿದರೇ ಎಂದು ನಾನು ಅಳುಕಿದೆ. ತಪ್ಪು ಅವರದಲ್ಲ, ಸೆಲ್ಲುಗಳದ್ದು. ಸೆಲ್ಲು ಬಡವಾದಂತೆ ಟೇಪು ನಿಧಾನವಾಗಿ ಓಡಿದೆ; ನಿಧಾನವಾಗಿ ಮುದ್ರಿತವಾದುದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಧ್ವನಿ ಏರುತ್ತದೆ. ಶ್ರುತಿಪೆಟ್ಟಿಗೆಯ ಷಡ್ಜ ಉದ್ದಕ್ಕೂ ಇದ್ದುದರಿಂದ ಅದನ್ನು ಹಿಡಿದು ಅಳಿಯ ವೇಗವನ್ನು ಸರಿಪಡಿಸಿದ. ಆದರೆ ಕ್ಯಾಸೆಟ್ಟಿನ ಬದಿ ತಿರುಗಿಸುವ ಹೊತ್ತಿನಲ್ಲಿ ಕಳೆದುಹೋದ ಚರಣವನ್ನು ಯಾರೂ ಮರಳಿಸಲಾರರು.

ಶುದ್ಧಗೊಳಿಸಿದ ಹಾಡು

ಮರುದಿನ ಬೆಳಿಗ್ಗೆ ಅಳಿಯ ಉತ್ಸಾಹದಿಂದ ನನ್ನನ್ನು ಕರೆದ. ರಾತ್ರಿಯೆಲ್ಲ ಕುಳಿತು ಅವನು ಹಾಡನ್ನು “ಕ್ಲೀನ್” ಮಾಡಿದ್ದ. ಕೇಳಿದೆ. ಗದ್ದಲವಿಲ್ಲ, ಕೆಮ್ಮಿಲ್ಲ, ಟೇಪಿನ ಸುಯ್ಯೆಂಬ ಸದ್ದೂ ಇಲ್ಲ. ಹಾಡು ಸ್ಫಟಿಕದಂತೆ ಇತ್ತು. ಕರೆಂಟು ಹೋದ ಜಾಗದಲ್ಲಿ ದನಿ ತಗ್ಗಿದ್ದನ್ನು ಅವನು ಏರಿಸಿ ಸಮಮಾಡಿದ್ದ. ಚಾಪೆಯ ಸದ್ದು ಹೋಗಿತ್ತು. ಬಳೆಯ ಸದ್ದು ಹೋಗಿತ್ತು. “ಮುಂದಕ್ಕೆ ಬನ್ನಿ” ಎಂಬುದೂ ಹೋಗಿತ್ತು.

“ಅಜ್ಜನ ಮಾತು ಎಲ್ಲಿ?” ಎಂದೆ.

ಅವನ ಮುಖ ಸಪ್ಪಗಾಯಿತು. “ಮಾವ, ಇಂದಿನವರು ಇಷ್ಟು ಗಲಾಟೆಯಲ್ಲಿ ಕೇಳೋದಿಲ್ಲ. ಹಾಡು ಚೆನ್ನಾಗಿ ಕೇಳಲಿ ಅಂತ ಮಾಡಿದೆ.”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನಾನೂ ಸ್ಟುಡಿಯೋದಲ್ಲಿ ಮುದ್ರಿಸಿದ ಹಾಡುಗಳನ್ನು ಮೆಚ್ಚುವವನೇ. ಆದರೂ ಮನಸ್ಸು ಒಪ್ಪದು. ಏಕೆ ಒಪ್ಪದು ಎಂಬುದನ್ನು ಯೋಚಿಸುತ್ತಿದ್ದಾಗ ಸಮುದ್ರದಾಚೆಯ ಎರಡು ಸಂಗತಿಗಳು ನೆನಪಾದವು. ಅಮೆರಿಕದ ಜಾಝ್ ಸಂಗೀತದಲ್ಲಿಯೂ ನಮ್ಮಲ್ಲಿಯಂತೆ ಮನೋಧರ್ಮಕ್ಕೆ ಹಿರಿಯ ಸ್ಥಾನ. 1938ರ ಜನವರಿ 16ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಬೆನ್ನಿ ಗುಡ್‌ಮನ್ ಅವರ ವೃಂದ ಕಚೇರಿ ಮಾಡಿತು. ಕೊನೆಗೆ ಯಾರೂ ನಿರೀಕ್ಷಿಸದೆ ಇದ್ದಾಗ ಜೆಸ್ ಸ್ಟೇಸಿ ಎಂಬ ಪಿಯಾನೋವಾದಕರು ಮೆಲ್ಲನೆ ನುಡಿಸತೊಡಗಿದರು. ಗದ್ದಲದ ಸಭೆ ಮೌನವಾಯಿತು. ಆ ರಾತ್ರಿಯ ಮುದ್ರಿಕೆಗಳು ಮನೆಯೊಂದರಲ್ಲಿ ಹನ್ನೆರಡು ವರ್ಷ ಮೂಲೆ ಸೇರಿದ್ದು, 1950ರಲ್ಲಿ ತಟ್ಟೆಯಾಗಿ ಹೊರಬಂದವು. ಇಂದಿಗೂ ಜನ ಅದನ್ನು ಕೇಳುತ್ತಾರೆ. ಅದೇ ಸಭಾಂಗಣದಲ್ಲಿ ಮುಂದೆ ನಮ್ಮ ಎಂ.ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ ಕಚೇರಿಯೂ ಧ್ವನಿಮುದ್ರಿಕೆಯಾಗಿ ಮನೆಮನೆಯನ್ನು ಸೇರಿತು.

ಎರಡನೆಯದು 1956ರ ಜುಲೈ 7ರ ರಾತ್ರಿಯದು. ನ್ಯೂಪೋರ್ಟ್ ಉತ್ಸವದಲ್ಲಿ ಡ್ಯೂಕ್ ಎಲಿಂಗ್ಟನ್ ವೃಂದದ ಪಾಲ್ ಗೊನ್ಸಾಲ್ವೆಸ್ ಸ್ಯಾಕ್ಸೊಫೋನಿನಲ್ಲಿ ಎಡೆಬಿಡದೆ 27 ಆವರ್ತಗಳನ್ನು ನುಡಿಸಿದರು. ಜನ ಎದ್ದು ಕುಣಿದರು. ಆದರೆ ಅವರು ನಿಂತದ್ದು ಕಂಪನಿಯ ಮೈಕಿನ ಮುಂದಲ್ಲ, ಆಕಾಶವಾಣಿಯವರ ಮೈಕಿನ ಮುಂದೆ. ಕಂಪನಿಯವರು ಕಾರ್ಯಕ್ರಮದ ಹಲವು ಭಾಗಗಳನ್ನು ಸ್ಟುಡಿಯೋದಲ್ಲಿ ಮತ್ತೆ ನುಡಿಸಿ, ಚಪ್ಪಾಳೆಯನ್ನು ಬೇರೆಯಾಗಿ ಕೂಡಿಸಿ ತಟ್ಟೆಯನ್ನು ಮಾರಿದರು. ಮುಂದೆ ಆಕಾಶವಾಣಿಯ ಟೇಪು ಸಿಕ್ಕಿ, 1999ರಲ್ಲಿ ನಿಜವಾದ ರಾತ್ರಿ ಹೊರಬಂದಿತು. ಸ್ಟುಡಿಯೋದವರಿಗೂ ಚಪ್ಪಾಳೆಯಿಲ್ಲದೆ ಆ ಸಂಗೀತವನ್ನು ಮಾರಲು ಧೈರ್ಯ ಬರಲಿಲ್ಲವೆಂಬುದನ್ನು ಗಮನಿಸಬೇಕು.

ನಮ್ಮಲ್ಲಿಯೂ ಅದೇ ಕಥೆ. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಅಂಗಳದಲ್ಲಿ ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದ ರಾಮನವಮಿ ಉತ್ಸವ. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗಾಗಿ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಮೊದಲುಮಾಡಿದ ಉತ್ಸವ. ಇವುಗಳ ಮುದ್ರಿಕೆಗಳನ್ನು ರಸಿಕರು ಕೈಯಿಂದ ಕೈಗೆ ದಾಟಿಸಿ ಕಾಪಾಡಿದರು. ಮುದ್ರಣದ ಸೊಗಸಿಗಾಗಿ ಅಲ್ಲ. ಸಭೆ ಹಾಡುಗಾರನನ್ನು ಎತ್ತಿದ ಕ್ಷಣ, ಹಾಡುಗಾರ ಸಭೆಯನ್ನು ಎತ್ತಿದ ಕ್ಷಣ ಅಲ್ಲಿ ಸಿಕ್ಕುವುದರಿಂದ. ಕಚೇರಿಯೆಂದರೆ ಒಬ್ಬರು ಮಾಡುವ ಕೆಲಸವಲ್ಲ. ಕೇಳುಗರನ್ನು ತೆಗೆದುಹಾಕಿದ ಮುದ್ರಿಕೆ ಸಂವಾದದಲ್ಲಿ ಒಬ್ಬರ ಮಾತನ್ನು ಅಳಿಸಿದ ಪತ್ರದಂತೆ.

ಹೇಮಾವತಿಯ ಕಂಬಗಳು

ಆ ಮಧ್ಯಾಹ್ನ ಅಳಿಯನೂ ನಾನೂ ಅಮರಾಪುರದ ಕಡೆಯ ಹೇಮಾವತಿಗೆ ಹೋದೆವು. ಇದು ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಒಂಬತ್ತು, ಹತ್ತನೆಯ ಶತಮಾನಗಳ ಗುಡಿಗಳು ಇಲ್ಲಿವೆ. ದೊಡ್ಡೇಶ್ವರನ ಗುಡಿಯ ಮುಂದೆ ನುಣುಪಾದ ಕರಿಗಲ್ಲಿನ ನಂದಿ. ಇಲ್ಲಿನ ಕಂಬಗಳ ಕುಸುರಿಯನ್ನು ಬೆರಳಿನಿಂದ ಮುಟ್ಟಿದರೆ ಲೋಹವನ್ನು ಮುಟ್ಟಿದಂತೆ ತಣ್ಣಗಿರುತ್ತದೆ.

ಹೇಮಾವತಿಯ ಇಂಥ ಅನೇಕ ಕಂಬಗಳನ್ನು ಚೋಳರು ಗೆದ್ದು ಒಯ್ದು ತಂಜಾವೂರಿನ ಬಳಿಯ ತಿರುವಯ್ಯಾರಿನ ದೇವಾಲಯದಲ್ಲಿ ನಿಲ್ಲಿಸಿದರೆಂದು ವಿದ್ವಾಂಸರು ಗುರುತಿಸಿದ್ದಾರೆ. ಅದೇ ತಿರುವಯ್ಯಾರಿನಲ್ಲಿ ಮುಂದೆ ತ್ಯಾಗರಾಜರು ಬಾಳಿದರು. ಪ್ರತಿವರ್ಷ ಪುಷ್ಯ ಬಹುಳ ಪಂಚಮಿಯಂದು ವಿದ್ವಾಂಸರೆಲ್ಲ ಕೂಡಿ ಅಲ್ಲಿ ಪಂಚರತ್ನ ಕೃತಿಗಳನ್ನು ಹಾಡುತ್ತಾರೆ. ನಮ್ಮ ಸೀಮೆಯ ಕಲ್ಲು ಅಲ್ಲಿ ಸಂಗೀತ ಕೇಳುತ್ತ ನಿಂತಿದೆಯೆಂದು ಹೆಮ್ಮೆಪಡಬಹುದು. ಆದರೆ ಕಂಬ ಎಷ್ಟೇ ಸುಂದರವಾಗಿರಲಿ, ಅದು ಹೊತ್ತಿದ್ದ ಮಂಟಪ ಅದರೊಡನೆ ಹೋಗಲಿಲ್ಲ.

ಅಳಿಯ ಬಹಳ ಹೊತ್ತು ಸುಮ್ಮನಿದ್ದು, “ಮಾವ, ಮೂಲವನ್ನು ಹಾಗೆಯೇ ಇಟ್ಟಿದ್ದೇನೆ, ಅಳಿಸಿಲ್ಲ” ಎಂದ. ನನಗೆ ಹೋದ ಜೀವ ಬಂದಂತಾಯಿತು.

ಮನೆಯಲ್ಲಿರುವ ಡಬ್ಬಿಗಳು

ನಾವು ಕೊನೆಗೆ ಮಾಡಿದ್ದು ಹೀಗೆ. ಪ್ರತಿಯೊಂದು ಕ್ಯಾಸೆಟ್ಟಿನಿಂದಲೂ ಏನನ್ನೂ ತೆಗೆಯದ, ಏನನ್ನೂ ಸೇರಿಸದ ಒಂದು ಪೂರ್ಣ ಪ್ರತಿ. ಬೇಕೆಂದವರಿಗೆ ಕೇಳಲು ಹಗುರಾದ ಇನ್ನೊಂದು ಪ್ರತಿ. ಧ್ವನಿಭಂಡಾರಗಳವರು ಅನುಸರಿಸುವ ಕ್ರಮವೂ ಇದೇ. ವಾಚಕರ ಅಟ್ಟಗಳಲ್ಲಿಯೂ ಇಂಥ ಡಬ್ಬಿಗಳಿರಬಹುದು. ಅವುಗಳನ್ನು ರೇಡಿಯೋ, ಸ್ಪೀಕರುಗಳ ಅಯಸ್ಕಾಂತದಿಂದ ದೂರವಿಡಿ. ಒದ್ದೆಗೂ ಬಿಸಿಲಿಗೂ ಒಡ್ಡಬೇಡಿ. ಕ್ಯಾಸೆಟ್ಟಿನ ಹಿಂಬದಿಯ ಎರಡು ಚಿಕ್ಕ ತುಂಡುಗಳನ್ನು ಮುರಿದರೆ ಅದರ ಮೇಲೆ ಮತ್ತೇನೂ ಮುದ್ರಿತವಾಗದು. ಬೂಷ್ಟು ಹಿಡಿದುದನ್ನು ತಿಳಿದವರಿಗೆ ತೋರಿಸದೆ ಯಂತ್ರಕ್ಕೆ ಹಾಕಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ದನಿಗಳನ್ನು ಗುರುತಿಸಬಲ್ಲ ಹಿರಿಯರು ಇರುವಾಗಲೇ ಕೇಳಿಸಿ ಹೆಸರುಗಳನ್ನು ಬರೆದಿಡಿ. ಗಡಿನಾಡಿನವರಾದ ನಮ್ಮ ಕಚೇರಿಗಳನ್ನು ದೊಡ್ಡ ಊರಿನವರು ಬಂದು ಮುದ್ರಿಸಿಕೊಂಡದ್ದು ವಿರಳ. ಇಲ್ಲಿ ಒಂದು ಸಭೆ ಇತ್ತು, ಅದು ಎರಡು ಭಾಷೆಯಲ್ಲಿ ತಲೆದೂಗುತ್ತಿತ್ತು ಎಂಬುದಕ್ಕೆ ಈ ಡಬ್ಬಿಗಳೇ ಸಾಕ್ಷಿ.

ತಿಂಗಳ ಅನಂತರ ಪ್ರತಿಯನ್ನು ಹಿಡಿದು ರಾಯದುರ್ಗಕ್ಕೆ ಹೋದೆ. ದೊಡ್ಡಪ್ಪನವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಕೇಳಿದರು. ಒಂದೊಂದು ದನಿಗೂ ಹೆಸರು ಹೇಳಿದರು, ನಾನು ಬರೆದುಕೊಂಡೆ. ಹಾಡಿದವರ ಹೆಸರೂ ಸಿಕ್ಕಿತು. ಕರೆಂಟು ಹೋಯಿತು. “ಹೋ” ಎಂದಿತು ಸಭೆ. “ಮುಂದಕ್ಕೆ ಬನ್ನಿ” ಎಂದರು ನಮ್ಮ ತಂದೆ.

ದೊಡ್ಡಪ್ಪನವರು ಕಣ್ಣು ತೆರೆಯಲಿಲ್ಲ. ಕುರ್ಚಿಯನ್ನು ಮಾತ್ರ ಸ್ವಲ್ಪ ಮುಂದಕ್ಕೆ ಎಳೆದುಕೊಂಡರು.